ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಯಂತ್ರ

ಅರವತ್ತು ದಾಟಿದ ಮೇಲೆ ಹೊಸದೊಂದು ವಿದ್ಯೆಯನ್ನು ಕಲಿಯುವ ಪ್ರಸಂಗ ಬಂದರೆ ಮನುಷ್ಯನನ್ನು ಕಾಡುವುದು ವಿದ್ಯೆಯ ಕಾಠಿಣ್ಯವಲ್ಲ, ನೋಡಿದವರು ನಕ್ಕಾರೆಂಬ ಭಯ. ಅದರಲ್ಲಿಯೂ ಆತ ನಿವೃತ್ತ ಮಾಸ್ತರನಾಗಿದ್ದರೆ ಕೇಳುವುದೇ ಬೇಡ. ಜೀವಮಾನವೆಲ್ಲ ಅನ್ಯರ ತಪ್ಪುಗಳಿಗೆ ಕೆಂಪು ಗೆರೆ ಎಳೆದ ಕೈ ತನ್ನ ತಪ್ಪಿಗೆ ಗೆರೆ ಎಳೆದುಕೊಳ್ಳಲು ಸುಲಭವಾಗಿ ಒಪ್ಪುವುದಿಲ್ಲ.

ಲಕ್ಷ್ಮೇಶ್ವರದ ಸಮೀಪದ ಅಡರಕಟ್ಟಿಯಲ್ಲಿ ಅಂಥ ಒಬ್ಬ ಮಾಸ್ತರರಿದ್ದಾರೆ. ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವರು. ನ್ಯೂಟನ್ನನ ಮೂರನೆಯ ನಿಯಮವನ್ನು ಅವರ ವಿದ್ಯಾರ್ಥಿಗಳು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದರು. ಒಪ್ಪಿಸದವರ ಅಂಗೈಗಳು ಆ ನಿಯಮವನ್ನು ಬೇರೊಂದು ರೀತಿಯಲ್ಲಿ ಅರಿತುಕೊಳ್ಳುತ್ತಿದ್ದವು. ಅವರ ಮಗನೂ ಅದೇ ತರಗತಿಯಲ್ಲಿ ಓದಿದವನು. ಎಂಟನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಗಾಜಿನ ಪಾತ್ರೆಯೊಂದನ್ನು ಕೈಜಾರಿ ಒಡೆದು, ಎಲ್ಲರ ಎದುರಿಗೆ ತಂದೆಯಿಂದಲೇ ಪೆಟ್ಟು ತಿಂದಿದ್ದ. ಆಮೇಲೆ ಅವನು ತಂದೆಯ ಕಣ್ಣೆದುರು ಒಡೆಯುವಂಥ ಯಾವ ವಸ್ತುವನ್ನೂ ಮುಟ್ಟಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಈಗ ಅವನು ಬೆಂಗಳೂರಿನಲ್ಲಿ ಇಂಜಿನಿಯರು. ವರ್ಷಕ್ಕೆರಡು ಸಲ ಊರಿಗೆ ಬರುತ್ತಾನೆ, ಕೈಕಟ್ಟಿಕೊಂಡು ಕುಳಿತು ಹೋಗುತ್ತಾನೆ.

ಈ ಬಾರಿಯ ದಸರೆಯ ರಜೆಗೆ ಮೊಮ್ಮಗ ಒಬ್ಬನೇ ಬಂದ. ಹನ್ನೊಂದು ವರ್ಷದ ಹುಡುಗ. ಹುಟ್ಟುಹಬ್ಬಕ್ಕೆ ಬಂದ ಹಣವನ್ನೆಲ್ಲ ಕೂಡಿಟ್ಟು ತಂದಿದ್ದ.

“ಅಜ್ಜಾ, ನನಗೊಂದು ರಿಮೋಟಿನ ಹೆಲಿಕಾಪ್ಟರ್ ಬೇಕು. ಅಜ್ಜನ್ನ ಕೇಳಿ ಆರಿಸ್ಕೋ ಅಂದಿದಾಳೆ ಅಮ್ಮ.”

ಮಾಸ್ತರರು ಹೆಲಿಕಾಪ್ಟರನ್ನು ಮುಟ್ಟಿದವರಲ್ಲ. ಆದರೆ ತಿಳಿಯದೆಂದು ಮೊಮ್ಮಗನೆದುರು ಹೇಳುವುದು ಹೇಗೆ? ಎರಡು ರಾತ್ರಿ ಕುಳಿತು ಓದಿದರು. ಪಾಠದ ಟಿಪ್ಪಣಿಯಂತೆ ವಹಿಯಲ್ಲಿ ಬರೆದುಕೊಂಡರು.

ಹುಡುಗನ ಮನಸ್ಸು ಒಂದೇ ದೊಡ್ಡ ರೆಕ್ಕೆಚಕ್ರವೂ ಬಾಲದಲ್ಲೊಂದು ಚಿಕ್ಕ ಚಕ್ರವೂ ಇರುವ ಯಂತ್ರದ ಮೇಲಿತ್ತು. ಬೆಂಗಳೂರಿನ ಎಚ್‌.ಎ.ಎಲ್. ಕಾರ್ಖಾನೆಯ ‘ಧ್ರುವ’ ಹಾರುವುದನ್ನು ಅವನು ಕಂಡಿದ್ದ; 1992ರಲ್ಲಿ ಮೊದಲು ಹಾರಿದ ಆ ಹೆಲಿಕಾಪ್ಟರಿನ ರೂಪ ಅಂಥದೇ. ಆದರೆ ಅದರ ಗುಟ್ಟು ಮಾಸ್ತರರ ಮೂರನೆಯ ನಿಯಮದಲ್ಲಿಯೇ ಅಡಗಿದೆ. ಮೇಲಿನ ಚಕ್ರ ಒಂದು ದಿಕ್ಕಿಗೆ ತಿರುಗಿದರೆ ಕೆಳಗಿನ ಒಡಲು ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಬಾಲದ ಚಕ್ರ ಅದನ್ನು ತಡೆಹಿಡಿಯುತ್ತದೆ. ಆ ಸಮತೋಲವನ್ನು ಸಾಧಿಸಲು ಪ್ರಚಂಡರೇ ಹೆಣಗಿದ್ದಾರೆ. ಅಮೆರಿಕದಲ್ಲಿ ಈಗರ್ ಸಿಕೋರ್ಸ್ಕಿ 1939ರ ಸೆಪ್ಟೆಂಬರ್ 14ರಂದು ತಮ್ಮ ವಿ.ಎಸ್. 300 ಯಂತ್ರವನ್ನು ನೆಲದಿಂದ ಎಬ್ಬಿಸಿದಾಗ ಅದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು. ಮುಂದೆಯೂ ಬಹುಕಾಲ ಅದು ಹಿಂದಕ್ಕೆ ಹೋಗುತ್ತಿತ್ತು, ಪಕ್ಕಕ್ಕೆ ಹೋಗುತ್ತಿತ್ತು, ಮುಂದಕ್ಕೆ ಹೋಗೆಂದರೆ ಮಾತ್ರ ಮೊಂಡುತನ ಮಾಡುತ್ತಿತ್ತು. ರೇಡಿಯೋ ನಿಯಂತ್ರಣದ ಕಿರುಮಾದರಿಗಂತೂ ಇನ್ನೂ ಮೂವತ್ತು ವರ್ಷ ಹಿಡಿಯಿತು. ಜರ್ಮನಿಯ ಡೀಟರ್ ಶ್ಲೂಟರ್ ಅದನ್ನು ಹತೋಟಿಗೆ ತಂದದ್ದು 1960ರ ದಶಕದ ಕೊನೆಯಲ್ಲಿ.

ಹೊಸಬರಿಗೆ ಯೋಗ್ಯವಾದದ್ದು ಬೇರೊಂದು ಜಾತಿ. ಅದರಲ್ಲಿ ಒಂದೇ ಕಂಬದ ಮೇಲೆ ಎರಡು ರೆಕ್ಕೆಚಕ್ರಗಳು, ಒಂದರ ಮೇಲೊಂದು, ಎದುರುಬದುರು ತಿರುಗುತ್ತವೆ. ಒಂದರ ತಿರುಚನ್ನು ಇನ್ನೊಂದು ಕಳೆಯುವುದರಿಂದ ಒಡಲು ನಿಶ್ಚಿಂತೆಯಿಂದ ನಿಲ್ಲುತ್ತದೆ. ಎಡಕ್ಕೋ ಬಲಕ್ಕೋ ಮುಖ ತಿರುಗಿಸಬೇಕಾದರೆ ಒಂದು ಚಕ್ರದ ವೇಗ ತುಸು ಹೆಚ್ಚಿ ಇನ್ನೊಂದರದು ತುಸು ತಗ್ಗುತ್ತದೆ, ಅಷ್ಟೇ.

ಹುಬ್ಬಳ್ಳಿಯ ಅಂಗಡಿಯಾತ ಇದನ್ನೇ ತನ್ನ ಮಾತಿನಲ್ಲಿ ಹೇಳಿದ: “ಮೊದಲನೇ ತಿಂಗಳು ಬೀಳೋದ ಕೆಲಸ ನೋಡ್ರಿ ಸರ. ಒಂಟಿ ರೆಕ್ಕೀದು ಒಂದು ತಪ್ಪಿಗೇ ನಿಮ್ಮನ್ನ ಕೆಡವತೈತಿ. ಇದು ಹಂಗಲ್ಲ, ಹತ್ತು ತಪ್ಪು ಹೊಟ್ಟಿಗೆ ಹಾಕ್ಕೋತೈತಿ.”

ಆ ಮಾತು ಮಾಸ್ತರರಿಗೆ ಯಾಕೋ ನಾಟಿತು. ಜೋಡಿ ರೆಕ್ಕೆಯದನ್ನೇ ಆರಿಸಿದರು. ಅವಗೆಂಪು ಕಿರಣದಿಂದ ನಡೆಯುವ ಅಗ್ಗದ್ದು ಬಿಸಿಲಿನಲ್ಲಿ ರಿಮೋಟಿನ ಮಾತು ಕೇಳುವುದಿಲ್ಲವಾದ್ದರಿಂದ 2.4 ಗಿಗಾಹರ್ಟ್ಸ್ ರೇಡಿಯೋದ್ದು. ಏರಿಳಿತ, ಮುಖದ ತಿರುವು, ಹಿಂದುಮುಂದು, ಎಡಬಲ, ಹೀಗೆ ನಾಲ್ಕು ಬಗೆಯ ಚಲನೆ ಇರುವಂಥದು. ಜೊತೆಗೆ ಎರಡು ಜೊತೆ ಬಿಡಿ ರೆಕ್ಕೆಗಳು. ಬಿಡಿಭಾಗ ಸಿಗದ ಹೆಲಿಕಾಪ್ಟರನ್ನು ಕೊಳ್ಳುವವನು ಒಂದೇ ದಿನದ ಆಟವನ್ನು ಕೊಂಡಂತೆ. ತೂಕವನ್ನೂ ವಿಚಾರಿಸಿದರು, 2021ರ ಡ್ರೋನ್ ನಿಯಮಗಳು 250 ಗ್ರಾಮಿನ ಒಳಗಿನವುಗಳಿಗೆ ಚಾಲಕನ ಪ್ರಮಾಣಪತ್ರ ಕೇಳಲಿಲ್ಲ. ಇದು ಆ ಮಿತಿಗಿಂತ ಎಷ್ಟೋ ಹಗುರ.

ಮೊದಲ ಹಾರಾಟ ಪಡಸಾಲೆಯಲ್ಲಿ. ಉತ್ಸಾಹದ ಭರದಲ್ಲಿ ಹುಡುಗ ಎಡಗೈಯ ಕಡ್ಡಿಯನ್ನು ಪೂರ್ತಿ ಮೇಲಕ್ಕೆ ತಳ್ಳಿಬಿಟ್ಟ. ಹೆಲಿಕಾಪ್ಟರು ಭರ್ರನೆ ಎದ್ದು ಜಂತೆಗೆ ಬಡಿದು, ಗೋಡೆಯನ್ನು ಸವರಿ, ನೆಲಕ್ಕೆ ಬಿತ್ತು. ಒಂದು ರೆಕ್ಕೆ ಸೀಳಿತ್ತು.

ಹುಡುಗನ ಮುಖ ಬಿಳಿಚಿಕೊಂಡಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, “ಬೇಕಂತ ಮಾಡಿಲ್ಲ ಅಜ್ಜಾ” ಎಂದ.

ಬಚ್ಚಿಟ್ಟ ಆ ಕೈಗಳನ್ನು ಮಾಸ್ತರರು ಹಿಂದೆ ಒಮ್ಮೆ ಕಂಡಿದ್ದರು. ಮೂವತ್ತು ವರ್ಷ ಹಿಂದಿನ ಒಂದು ಮಧ್ಯಾಹ್ನ, ನೆಲದ ಮೇಲೆ ಚದುರಿದ ಗಾಜಿನ ಚೂರುಗಳು, ಅವುಗಳ ನಡುವೆ ನಿಂತ ಇನ್ನೊಬ್ಬ ಹುಡುಗ. ತಾವು ಗದರಿಸಿಯೂ ಇಲ್ಲ. ಆದರೂ ಈ ಮಗುವಿಗೆ ಭಯ ಎಲ್ಲಿಂದ ಬಂತು? ಅದು ತಂದೆಯಿಂದ ಬಂದ ಆಸ್ತಿ. ತಂದೆಗೆ ಕೊಟ್ಟವರು ಯಾರೆಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅವರು ಜಮಖಾನೆಯ ಮೇಲೆ ಕುಳಿತು, ಕನ್ನಡಕ ಏರಿಸಿ, ಸೀಳಿದ ರೆಕ್ಕೆಯನ್ನು ಬಿಚ್ಚಿ ಹೊಸದನ್ನು ಕೂಡಿಸಿದರು. ಆಮೇಲೆ, “ತಮ್ಮಾ, ಈಗ ನಾ ಕೆಡವತೀನಿ, ನೀ ನೋಡು” ಎಂದು ರಿಮೋಟು ತೆಗೆದುಕೊಂಡರು. ಕೆಡವಿದರು ಕೂಡ. ಯಂತ್ರ ಅಡ್ಡಡ್ಡ ತೂರಿ ನೀರಿನ ಹಂಡೆಗೆ ಢಣ್ಣೆಂದು ಬಡಿಯಿತು. ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದ, ತಡೆಯಲಾರದೆ ಬಿದ್ದು ಬಿದ್ದು ನಕ್ಕ. ಅಡಿಗೆಮನೆಯಿಂದ ಅಜ್ಜಿಯ ನಗೆಯೂ ಕೇಳಿಸಿತು. ಆ ಮನೆಯಲ್ಲಿ ಮಾಸ್ತರರನ್ನು ನೋಡಿ ಯಾರಾದರೂ ನಕ್ಕದ್ದು ಅದೇ ಮೊದಲು. ಅವರಿಗೆ ಅದರಿಂದ ಏನೂ ಆಗಲಿಲ್ಲ.

ಅಂದಿನಿಂದ ಇಬ್ಬರೂ ವಿದ್ಯಾರ್ಥಿಗಳಾದರು. ವಹಿಯಲ್ಲಿ ಅನುಭವದ ಪಾಠಗಳು ಸೇರತೊಡಗಿದವು. ಬಾಲ ಯಾವಾಗಲೂ ನಮ್ಮ ಕಡೆಗೆ ಇರಲಿ. ನೆಲಕ್ಕೆ ತೀರ ಹತ್ತಿರ ತೇಲಿಸಬಾರದು. ರೆಕ್ಕೆಯಿಂದ ಇಳಿದ ಗಾಳಿ ನೆಲಕ್ಕೆ ಬಡಿದು ಮರಳಿ ಯಂತ್ರವನ್ನು ಓಲಾಡಿಸುತ್ತದೆ, ಮೊಣಕಾಲೆತ್ತರವೇ ಲೇಸು. ಕಡ್ಡಿಯನ್ನು ಜಗ್ಗಬಾರದು, ಬೆರಳಿನಿಂದ ಮುಟ್ಟಬೇಕು. ಬೀಳುವುದು ಖಚಿತವಾದರೆ ಶಕ್ತಿ ಹೆಚ್ಚಿಸದೆ ಒಮ್ಮೆಲೇ ಕಡಿಯಬೇಕು. ತಿರುಗುತ್ತಲೇ ಬಡಿದ ರೆಕ್ಕೆ ತಾನೂ ಮುರಿದು ಹಲ್ಲುಚಕ್ರವನ್ನೂ ಮುರಿಯುತ್ತದೆ. ಏಳು ನಿಮಿಷ ಹಾರಿದರೆ ಮುಕ್ಕಾಲು ಗಂಟೆ ಬ್ಯಾಟರಿ ತುಂಬಬೇಕು. ಅದೂ ಬಿಸಿ ಆರಿದ ಮೇಲೆ, ಜೊತೆಗೇ ಬಂದ ಚಾರ್ಜರಿನಲ್ಲಿ, ಎದುರಿಗೆ ಯಾರಾದರೂ ಕುಳಿತಿರುವಾಗ. ಲಿಥಿಯಂ ಕೋಶದ ವಿದ್ಯುತ್ತು 4.2 ವೋಲ್ಟ್ ಮೀರಿದರೆ ಬೆಂಕಿಯ ಭಯವುಂಟು.

ಆರನೆಯ ದಿನ ಆಟ ಹೊರಗೆ ಬಂತು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವ ಸೀಮೆ ಇದು. ಇಲ್ಲಿಯ ಗಾಳಿಗೆ ಜೋಡಿ ರೆಕ್ಕೆಯ ಹಗುರ ಯಂತ್ರವೆಂದರೆ ತರಗೆಲೆ. ಆದ್ದರಿಂದ ಬೆಳಗಿನ ಆರು ಗಂಟೆ, ಬೇವಿನ ಎಲೆ ಅಲುಗದ ಹೊತ್ತು, ಹೆಸರು ಬಡಿದು ತೆರವಾಗಿದ್ದ ಕಣ. ಅಲ್ಲಿ ಕಠಿಣವಾದ ಪಾಠ ಎದುರಾಯಿತು. ಯಂತ್ರ ನಮ್ಮತ್ತ ಮುಖ ಮಾಡಿದಾಗ ನಮ್ಮ ಬಲ ಅದರ ಎಡವಾಗುತ್ತದೆ. ನೆಟ್ಟಗೆ ಮಾಡಲು ಹೋದ ಕೈಯೇ ಅದನ್ನು ಕೆಡವುತ್ತದೆ. ಮಾಸ್ತರರು ಮೂರು ದಿನ ಸೋತರು.

“ಅಜ್ಜಾ, ನೀವೇ ಅದರೊಳಗೆ ಕೂತೀರಿ ಅಂದ್ಕೊಳ್ಳಿ” ಎಂದ ಮೊಮ್ಮಗ.

ಎದುರಿಗಿದ್ದವರ ಒಳಗೆ ಕುಳಿತು ಎಡಬಲ ನೋಡುವ ಈ ವಿದ್ಯೆ ಅವರ ಯಾವ ಪಠ್ಯದಲ್ಲಿಯೂ ಇರಲಿಲ್ಲ.

ರಜೆ ಮುಗಿದು ಮಗ ಕರೆದೊಯ್ಯಲು ಬಂದ. ಮರುದಿನ ಮುಂಜಾನೆ ಕಣದ ಅಂಚಿನಲ್ಲಿ ಕೈಕಟ್ಟಿ ನಿಂತು ನೋಡಿದ. ಹುಡುಗ ಓಡಿಬಂದು ರಿಮೋಟನ್ನು ಅವನ ಕಡೆ ಚಾಚಿದ. ಅವನು ತೆಗೆದುಕೊಳ್ಳಲಿಲ್ಲ, ತಂದೆಯ ಮುಖ ನೋಡಿದ.

“ಹಿಡಿಯೋ” ಎಂದರು ಮಾಸ್ತರರು. “ಬಿದ್ರ ಬೀಳಲಿ. ನಾ ಹದಿನಾಲ್ಕು ಸಲ ಕೆಡವೀನಿ.”

ಮಗ ಕಟ್ಟಿದ ಕೈ ಬಿಚ್ಚಿದ. ಹೆಲಿಕಾಪ್ಟರು ನಡುಗುತ್ತ ಎದ್ದಿತು, ಮೊಣಕಾಲೆತ್ತರದಲ್ಲಿ ಒಂದು ಕ್ಷಣ ನಿಂತಿತು, ವಾಲಿ ಕಣದ ಮಣ್ಣಿಗೆ ಬಿತ್ತು. ಮೂವರೂ ಅದರತ್ತ ನಡೆದರು. ಮಾಸ್ತರರ ಅಂಗಿಯ ಜೇಬಿನಲ್ಲಿ ಬಿಡಿ ರೆಕ್ಕೆಯೊಂದು ಸಿದ್ಧವಾಗಿತ್ತು.