ಏಳು ಭೂತಗಳ ನಾಡಿನಲ್ಲಿ

ಪ್ರವಾಸಕಥನವನ್ನು ರೈಲು ನಿಲ್ದಾಣದಿಂದ ಆರಂಭಿಸುವುದು ವಾಡಿಕೆ. ನನ್ನ ಈ ಪ್ರವಾಸಕ್ಕೆ ರೈಲಿರಲಿಲ್ಲ, ಟಿಕೆಟಿರಲಿಲ್ಲ, ದಾರಿಯ ಬುತ್ತಿಯೂ ಇರಲಿಲ್ಲ. ಮೈಸೂರಿನ ನಮ್ಮ ಮನೆಯ ನಡುಮನೆಯಿಂದ ಹೊರಟು, ಹತ್ತು ಹೆಜ್ಜೆ ನಡೆದು, ಪಕ್ಕದ ಕೋಣೆಯ ಮುಚ್ಚಿದ ಬಾಗಿಲನ್ನು ತಟ್ಟಿದೆನು. ಇಡೀ ಪ್ರವಾಸದಲ್ಲಿ ಅತ್ಯಂತ ಕಠಿಣವಾದ ಭಾಗ ಅದೇ ಆಗಿತ್ತು.

ಆ ಕೋಣೆಯಲ್ಲಿದ್ದವನು ನನ್ನ ಅಕ್ಕನ ಮಗ. ಭಾವನವರಿಗೆ ಉತ್ತರದೇಶಕ್ಕೆ ವರ್ಗವಾದುದರಿಂದ ಹುಡುಗನ ಓದು ಕೆಡಬಾರದೆಂದು ಜೂನ್ ತಿಂಗಳಲ್ಲಿ ಅವನನ್ನು ಶಿವಮೊಗ್ಗದಿಂದ ತಂದು ನಮ್ಮಲ್ಲಿ ಬಿಟ್ಟಿದ್ದರು. ಒಂಬತ್ತನೆಯ ತರಗತಿ. ಊಟಕ್ಕೆ ಕರೆದರೆ ಬರುವನು, ಬಡಿಸಿದ್ದನ್ನು ಉಣ್ಣುವನು, ಕೇಳಿದ್ದಕ್ಕೆ ‘ಹೂಂ’ ಎನ್ನುವನು, ಮತ್ತೆ ಬಾಗಿಲು. ಒಳಗಿನಿಂದ ಕತ್ತಿಯ ಖಣಖಣವೂ ಮಧುರವಾದ ವಾದ್ಯಗೋಷ್ಠಿಯೂ ಕೇಳಿಬರುತ್ತಿದ್ದವು. ‘ನೀನಾದರೂ ಅವನಿಗೆ ಬುದ್ಧಿ ಹೇಳೋ’ ಎಂದು ಅಕ್ಕ ಫೋನಿನಲ್ಲಿ ಕಣ್ಣೀರು ತಂದಳು. ಬುದ್ಧಿ ಹೇಳುವುದೇ ನನ್ನ ಉದ್ಯೋಗ, ಅದಕ್ಕಾಗಿಯೇ ಹೋದೆನು. ಆದರೆ ಬಾಗಿಲು ತೆರೆದಾಗ ಹುಡುಗನ ಮುಖ ನೋಡಿ, ಸಿದ್ಧಪಡಿಸಿಕೊಂಡಿದ್ದ ಉಪನ್ಯಾಸ ಮರೆತುಹೋಯಿತು. ‘ಅದೇನೋ ಊರು ಕಾಣುತ್ತಿದೆಯಲ್ಲ, ಯಾವುದು?’ ಎಂದು ಕೇಳಿದೆನು.

‘ಮೊಂಡ್‌ಶ್ಟಾಟ್’ ಎಂದನು. ಎರಡು ತಿಂಗಳಲ್ಲಿ ‘ಹೂಂ’ ಅಲ್ಲದೆ ಅವನು ಆಡಿದ ಮೊದಲ ಮಾತು ಅದು.

ಆಟದ ಹೆಸರು ಗೆನ್‌ಶಿನ್ ಇಂಪ್ಯಾಕ್ಟ್. ಶಾಂಘೈ ನಗರದ ಮಿಹೋಯೋ ಸಂಸ್ಥೆಯವರು 2020ರ ಸೆಪ್ಟೆಂಬರ್ 28ರಂದು ಇದನ್ನು ಲೋಕಾರ್ಪಣೆ ಮಾಡಿದರು. ಅದರೊಳಗಿನ ಪ್ರಪಂಚಕ್ಕೆ ಟೇವಾಟ್ ಎಂದು ಹೆಸರು. ಜರ್ಮನಿಯ ಹಳೆಯ ಪಟ್ಟಣಗಳನ್ನು ನೆನಪಿಗೆ ತರುವ ಮೊಂಡ್‌ಶ್ಟಾಟ್, ಚೀನದ ಗಿರಿಶಿಖರಗಳನ್ನು ನೆನಪಿಗೆ ತರುವ ಲಿಯುವೆ, ಜಪಾನಿನ ಛಾಯೆಯ ಇನಾಜುಮಾ, ಹೀಗೆ ನಾಡಿಗೊಂದು ದೇಶದ ಚಹರೆ. ಗೋಡೆಯಾಚೆಯಿಂದ ನಾನು ಕೇಳುತ್ತಿದ್ದ ಮೊಂಡ್‌ಶ್ಟಾಟಿನ ಸಂಗೀತವನ್ನು ನುಡಿಸಿದವರು ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದವರೆಂದು ತಿಳಿದಾಗ ನನ್ನ ತಾತ್ಸಾರ ಸ್ವಲ್ಪ ಇಳಿಯಿತು.

‘ನನಗೂ ಕಲಿಸುತ್ತೀಯಾ?’ ಎಂದೆನು. ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದನು. ಮರುದಿನ ನನ್ನ ಲ್ಯಾಪ್‌ಟಾಪಿನಲ್ಲಿ ನನಗೊಂದು ಖಾತೆ ತೆರೆಯಲ್ಪಟ್ಟಿತು.

ಟೇವಾಟಿಗೆ ಕಾಲಿಟ್ಟ ಪ್ರಯಾಣಿಕನು ಮೊದಲು ನಡೆಯಲು ಕಲಿಯಬೇಕು. ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕು ಗುಂಡಿಗಳು ನಾಲ್ಕು ದಿಕ್ಕುಗಳು. ಮೌಸನ್ನು ಹೊರಳಿಸಿದರೆ ದೃಷ್ಟಿ ಹೊರಳುತ್ತದೆ. ಅದರ ಎಡಗುಂಡಿಯನ್ನು ಒತ್ತಿದರೆ ಏಟು, ಒತ್ತಿಹಿಡಿದರೆ ಬಲವಾದ ಏಟು. ಶಿಫ್ಟ್ ಒತ್ತಿದರೆ ಚಿಮ್ಮಿ ಪಕ್ಕಕ್ಕೆ ಸರಿಯುವುದು. ಉದ್ದಗುಂಡಿ ಒತ್ತಿದರೆ ನೆಗೆತ. ಇಷ್ಟನ್ನು ಬರೆಯುವುದು ಸುಲಭ. ನನ್ನ ಎಡಗೈ ಮುಂದೆ ಹೋಗೆಂದರೆ ಬಲಗೈ ಆಕಾಶವನ್ನು ನೋಡುತ್ತಿತ್ತು. ಮೊದಲ ಅರ್ಧ ಗಂಟೆ ನಾನು ಒಂದು ಮರವನ್ನು ಪ್ರದಕ್ಷಿಣೆ ಮಾಡಿದೆನು.

ಶಕ್ತಿಗೆ ಒಂದು ಮಿತಿಯಿದೆ. ಓಡುವಾಗ, ಬಂಡೆಯನ್ನೇರುವಾಗ, ಈಜುವಾಗ ಪಾತ್ರದ ಪಕ್ಕದಲ್ಲಿ ಹಳದಿಯ ಕಮಾನೊಂದು ಕಾಣಿಸಿಕೊಂಡು ಕರಗುತ್ತ ಹೋಗುತ್ತದೆ. ಅದು ಮುಗಿದರೆ ಏರುತ್ತಿದ್ದವನು ಬೀಳುತ್ತಾನೆ, ಈಜುತ್ತಿದ್ದವನು ಮುಳುಗುತ್ತಾನೆ. ಆರಂಭದಲ್ಲಿ ಈ ಶಕ್ತಿ ನೂರು. ನಾಡಿನಲ್ಲಿ ಅಲ್ಲಲ್ಲಿ ನಿಂತಿರುವ ದೇವಪ್ರತಿಮೆಗಳಿಗೆ ಕಾಣಿಕೆ ಸಲ್ಲಿಸುತ್ತ ಹೋದರೆ ಇನ್ನೂರ ನಲವತ್ತರವರೆಗೆ ಬೆಳೆಯುತ್ತದೆ. ಮೊದಲನೆಯ ವಾರದಲ್ಲಿ ನಾನು ಮುಳುಗಿದ್ದಕ್ಕೆ ಲೆಕ್ಕವಿಲ್ಲ. ಪ್ರತಿಸಲವೂ ನೀರು ನನ್ನನ್ನು ದಡಕ್ಕೆ ಹಿಂತಿರುಗಿಸುತ್ತಿತ್ತು. ಹುಡುಗ ಮುಖ ತಿರುಗಿಸಿಕೊಂಡು ನಗುತ್ತಿದ್ದನು. ನಗಲಿ ಎಂದು ಒಂದೆರಡು ಸಲ ಬೇಕೆಂದೇ ಮುಳುಗಿದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನಿಜವಾದ ವಿದ್ಯೆ ಆರಂಭವಾಗುವುದು ಆಮೇಲೆ. ನಮ್ಮ ಹಿರಿಯರು ಭೂಮಿ, ನೀರು, ಅಗ್ನಿ, ವಾಯು, ಆಕಾಶವೆಂದು ಐದು ಭೂತಗಳನ್ನು ಎಣಿಸಿದರು. ಟೇವಾಟಿನವರು ಏಳನ್ನು ಎಣಿಸುತ್ತಾರೆ: ಗಾಳಿ, ಬಂಡೆ, ಮಿಂಚು, ಸಸ್ಯ, ನೀರು, ಬೆಂಕಿ, ಹಿಮ. ಹೆಸರುಗಳೆಲ್ಲ ಗ್ರೀಕ್ ಮೂಲದವು. ಅನೆಮೊ, ಜಿಯೊ, ಎಲೆಕ್ಟ್ರೊ, ಡೆಂಡ್ರೊ, ಹೈಡ್ರೊ, ಪೈರೊ, ಕ್ರಯೊ. ನಮ್ಮ ಆಕಾಶಕ್ಕೆ ಅಲ್ಲಿ ಸ್ಥಾನವಿಲ್ಲ. ನಮ್ಮಲ್ಲಿ ನೀರಿನ ಒಂದು ಅವಸ್ಥೆ ಮಾತ್ರವಾದ ಹಿಮಕ್ಕೆ ಅಲ್ಲಿ ಬೇರೆಯೇ ಮನೆ.

ನಾಲ್ವರ ತಂಡವನ್ನು ಕಟ್ಟಿಕೊಂಡು ತಿರುಗುವುದು ಅಲ್ಲಿಯ ಪದ್ಧತಿ. ಒಂದು ಹೊತ್ತಿಗೆ ಕಣದಲ್ಲಿರುವವನು ಒಬ್ಬನೇ; ಒಂದರಿಂದ ನಾಲ್ಕರವರೆಗಿನ ಅಂಕಿಯನ್ನು ಒತ್ತಿದರೆ ಆಳು ಬದಲಾಗುತ್ತಾನೆ. ಪ್ರತಿಮೆಯನ್ನು ಮುಟ್ಟಿ ಗಾಳಿಯ ವರವನ್ನು ಪಡೆದ ಪ್ರಯಾಣಿಕ, ಬೆಂಕಿಯ ಬಾಣ ಬಿಡುವ ಆಂಬರ್, ಹಿಮದ ಕತ್ತಿವರಸೆಯ ಕಾಯಾ, ಮಿಂಚನ್ನು ಪಳಗಿಸಿದ ಗ್ರಂಥಪಾಲಕಿ ಲೀಸಾ, ಈ ನಾಲ್ವರು ಹೊಸಬನಿಗೆ ಆರಂಭದಲ್ಲಿಯೇ ದೊರೆಯುತ್ತಾರೆ. ಇ ಗುಂಡಿ ಒತ್ತಿದರೆ ಅವರವರ ಚಿಕ್ಕ ವಿದ್ಯೆ. ಬಳಸಿದ ಮೇಲೆ ಕೆಲವು ಕ್ಷಣ ಕಾಯಬೇಕು. ಕ್ಯೂ ಒತ್ತಿದರೆ ಮಹಾವಿದ್ಯೆ; ಅದಕ್ಕೆ ಚೈತನ್ಯದ ಚಕ್ರ ತುಂಬಿರಬೇಕು. ಚಿಕ್ಕ ವಿದ್ಯೆ ಶತ್ರುವಿಗೆ ತಗುಲಿದಾಗ ಉದುರುವ ಕಣಗಳಿಂದ ಚಕ್ರ ತುಂಬುತ್ತದೆ. ಚಿಕ್ಕ ವಿದ್ಯೆಯನ್ನು ಅಭ್ಯಾಸ ಮಾಡದವನಿಗೆ ಮಹಾವಿದ್ಯೆ ಒಲಿಯದು.

ನಾನು ಮೊದಲು ಎಲ್ಲರನ್ನೂ ಕತ್ತಿಯಿಂದಲೇ ಬಡಿಯುತ್ತಿದ್ದೆನು. ಹಿಲಿಚರ್ಲ್ ಎಂಬ ಮುಖವಾಡದ ಕಾಡುಜನ ಮರದ ಗುರಾಣಿ ಹಿಡಿದು ಬಂದರೆ ಗುರಾಣಿಯನ್ನೇ ಬಡಿದು ಬಡಿದು ಸೋಲುತ್ತಿದ್ದೆನು. ‘ಮರ ಅಲ್ವಾ ಮಾಮ, ಸುಡಿ’ ಎಂದನು ಹುಡುಗ. ಆಂಬರಳ ಬೆಂಕಿಯ ಬಾಣ ತಗುಲಿ ಗುರಾಣಿ ಹೊತ್ತಿ ಬೂದಿಯಾಯಿತು. ಬೆಂಕಿಯ ಸ್ಲೈಮ್ ಎಂಬ ಕೆಂಪು ಲೋಳೆಯುಂಡೆಗೆ ಅದೇ ಬಾಣ ಬಿಟ್ಟೆನು. ಅದಕ್ಕೆ ಏನೂ ಆಗಲಿಲ್ಲ. ಬೆಂಕಿಯನ್ನು ಬೆಂಕಿಯಿಂದ ನೋಯಿಸಲಾಗದು. ಇನ್ನೊಮ್ಮೆ ಮೊಳಕಾಲುದ್ದದ ನೀರಿನಲ್ಲಿ ನಿಂತು ಹಿಮದ ಉಂಡೆಯೊಡನೆ ಸೆಣಸುತ್ತಿದ್ದಾಗ ನಾನೇ ಹೆಪ್ಪುಗಟ್ಟಿ ಕಲ್ಲಾದೆನು. ‘ನೀರಲ್ಲಿ ನಿಂತುಕೊಂಡು ಹಿಮದ ಜೊತೆ ಜಗಳ ಆಡಬಾರದು ಮಾಮ’ ಎಂದು ಬೋಧೆಯಾಯಿತು. ಗಾದೆಯ ಸಂಗ್ರಹಕ್ಕೆ ಸೇರಿಸಬಹುದಾದ ಮಾತು.

ಒಂದು ಭೂತದ ಲೇಪವಿರುವ ಶರೀರಕ್ಕೆ ಇನ್ನೊಂದು ಭೂತ ತಗುಲಿದಾಗ ಆಗುವ ಪರಿಣಾಮವೇ ಈ ಯುದ್ಧದ ಮರ್ಮ. ಬೆಂಕಿಗೆ ಮಿಂಚು ಸೇರಿದರೆ ಸ್ಫೋಟ. ಚಿಕ್ಕ ಶತ್ರುಗಳು ತರಗೆಲೆಯಂತೆ ಹಾರುತ್ತವೆ. ಹಿಮಕ್ಕೆ ಮಿಂಚು ಸೇರಿದರೆ ಶತ್ರುವಿಗೆ ಕತ್ತಿಯೇಟನ್ನು ತಾಳುವ ಶಕ್ತಿ ಕೆಲಹೊತ್ತು ಕುಗ್ಗುತ್ತದೆ. ನೀರಿಗೆ ಹಿಮ ಸೇರಿದರೆ ಹೆಪ್ಪು. ಗಾಳಿಯಾದರೋ ನೀರು, ಬೆಂಕಿ, ಹಿಮ, ಮಿಂಚುಗಳಲ್ಲಿ ಯಾವುದನ್ನು ಕಂಡರೂ ಎತ್ತಿಕೊಂಡು ಸುತ್ತಲೂ ಹರಡುತ್ತದೆ. ಕ್ರಮವೂ ಮುಖ್ಯ. ಹಿಮ ಹಿಡಿದ ಶತ್ರುವಿಗೆ ಬೆಂಕಿ ತಾಗಿದರೆ ಆ ಏಟಿಗೆ ಎರಡರಷ್ಟು ಬಲ. ಬೆಂಕಿ ಹಿಡಿದವನಿಗೆ ಹಿಮ ತಾಗಿದರೆ ಒಂದೂವರೆಯಷ್ಟು ಮಾತ್ರ. ಬೆಂಕಿಯ ಮೇಲೆ ನೀರು ಬಿದ್ದರೆ ಎರಡರಷ್ಟು. ನೀರಿನ ಮೇಲೆ ಬೆಂಕಿ ಬಿದ್ದರೆ ಒಂದೂವರೆ.

ಇದನ್ನು ಕೇಳುತ್ತಿದ್ದಂತೆಯೇ ನನ್ನೊಳಗಿನ ಮೇಷ್ಟರು ಎದ್ದು ಕುಳಿತನು. ‘ಇದು ಸಂಧಿಯಲ್ಲವೇನೋ!’ ಎಂದೆನು. ‘ಮಳೆ’ಗೆ ‘ಕಾಲ’ ಸೇರಿದಾಗ ಕಕಾರ ಹೋಗಿ ಗಕಾರ ಬಂದು ‘ಮಳೆಗಾಲ’ವಾಗುತ್ತದೆ. ಯಾವುದು ಪೂರ್ವ, ಯಾವುದು ಪರ ಎಂಬುದರ ಮೇಲೆ ಫಲ ನಿಂತಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸ್ಕೂಲಲ್ಲಿ ಹೀಗೆ ಹೇಳಿದ್ದರೆ ನಂಗೂ ಅರ್ಥ ಆಗ್ತಿತ್ತು’ ಎಂದನು. ಹತ್ತು ವರ್ಷದಿಂದ ಸಂಧಿಪ್ರಕರಣವನ್ನು ಪಾಠ ಹೇಳುತ್ತಿರುವ ನನಗೆ ಆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ದೇಶದ ಸೊಬಗನ್ನು ಹೇಳದಿದ್ದರೆ ಪ್ರವಾಸಕಥನ ಅಪೂರ್ಣ. ಮೊಂಡ್‌ಶ್ಟಾಟ್ ಪಟ್ಟಣ ಸೈಡರ್ ಸರೋವರದ ನಡುವೆ ದ್ವೀಪದ ಮೇಲಿದೆ. ಕಲ್ಲಿನ ಉದ್ದ ಸೇತುವೆ. ಅದರ ಮೇಲೆ ಪಾರಿವಾಳಗಳು. ಅವುಗಳ ಬಳಿ ನಿಂತ ಪುಟ್ಟ ಬಾಲಕ. ಓಡುತ್ತ ಹೋದರೆ ಹಕ್ಕಿಗಳು ಹಾರಿಹೋಗುತ್ತವೆ, ಬಾಲಕ ಮುನಿಸಿಕೊಳ್ಳುತ್ತಾನೆ. ಒಳಗೆ ಕೆಂಪು ಹೆಂಚಿನ ಮನೆಗಳು, ತಿರುಗುವ ಗಾಳಿಯಂತ್ರಗಳು, ಎಲ್ಲಕ್ಕೂ ಮೇಲೆ ಗೋಪುರದ ದೇವಾಲಯ, ಅದರೆದುರಿಗೆ ಕೈಚಾಚಿ ನಿಂತ ಗಾಳಿದೇವನ ಬೃಹತ್ಪ್ರತಿಮೆ. ಕಾಯಾ ತನ್ನ ಹಿಮವಿದ್ಯೆಯನ್ನು ಸರೋವರದ ಮೇಲೆ ಬೀಸಿದರೆ ನೀರು ಮಂಜಿನ ಹಲಗೆಯಾಗುತ್ತದೆ. ಹಲಗೆಯ ತುದಿಗೆ ಹೋಗಿ ನಿಂತು, ಇನ್ನೊಂದು ಬೀಸಿ, ಹಾಗೆಯೇ ನಡೆಯುತ್ತ ಆಚೆಯ ದಡ ಸೇರಬಹುದು. ಅಷ್ಟು ಸಲ ಮುಳುಗಿದ ನಾನು ಮೊದಲ ಬಾರಿಗೆ ಕಾಲು ಒದ್ದೆಯಾಗದೆ ಕೆರೆ ದಾಟಿದಾಗ ಕೂಗಿಯೇಬಿಟ್ಟೆನು. ಒಳಗಿನಿಂದ ನನ್ನ ಹೆಂಡತಿ ಗಾಬರಿಯಿಂದ ಓಡಿಬಂದಳು.

ಕತ್ತಲೆಯ ಪಕ್ಕವನ್ನೂ ತಂದೆತಾಯಿಗಳು ತಿಳಿದಿರಬೇಕು. ಆಟವಾಡಲು ಹಣ ಬೇಕಿಲ್ಲ. ಹೊಸ ಹೊಸ ಪಾತ್ರಗಳನ್ನು ಪಡೆಯಲು ಮಾತ್ರ ಲಾಟರಿಯಂಥ ಒಂದು ಏರ್ಪಾಡಿದೆ. ಐದು ತಾರೆಗಳ ಪಾತ್ರ ಒಂದು ಎಳೆತಕ್ಕೆ ಬರುವ ಮೂಲಸಾಧ್ಯತೆ ಶೇಕಡಾ 0.6. ತೊಂಬತ್ತು ಎಳೆತಗಳೊಳಗೆ ಐದು ತಾರೆಯದೊಂದು ಖಂಡಿತವೆಂಬ ಭರವಸೆಯಿದೆ; ಆ ಭರವಸೆಯೇ ಜೇಬನ್ನು ಬರಿದುಮಾಡಬಲ್ಲದು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣದಲ್ಲಿ, ಎರಡು ಕೋಟಿ ಡಾಲರುಗಳನ್ನು ತೆರುವುದಕ್ಕೂ, ಹದಿನಾರು ವರ್ಷದೊಳಗಿನ ಮಕ್ಕಳು ಹೆತ್ತವರ ಒಪ್ಪಿಗೆಯಿಲ್ಲದೆ ಇದನ್ನು ಹಣಕೊಟ್ಟು ಕೊಳ್ಳದಂತೆ ತಡೆಯುವುದಕ್ಕೂ ಆಟದ ಪ್ರಕಾಶಕರು ಸಮ್ಮತಿಸಿದರು. ನಾವು ಮಾಮ-ಅಳಿಯಂದಿರು ಒಂದು ಕರಾರು ಮಾಡಿಕೊಂಡೆವು: ಇಬ್ಬರೂ ಒಂದು ಕಾಸನ್ನೂ ತೆರಕೂಡದು, ರಾತ್ರಿ ಒಂದು ಗಂಟೆಗಿಂತ ಹೆಚ್ಚು ಕೂರಕೂಡದು. ಕರಾರನ್ನು ಮುರಿಯುವ ಆಸೆ ಮೊದಲು ಹುಟ್ಟಿದ್ದು ನನಗೆ.

ಒಂದು ರಾತ್ರಿ ಅವನ ತೆರೆಯ ಮೇಲೆ ಸ್ನೇಹಿತರ ಪಟ್ಟಿಯನ್ನು ಕಂಡೆನು. ಒಂದೇ ಹೆಸರು. ಬಹಳ ದಿನಗಳಿಂದ ಆ ಸ್ನೇಹಿತ ಬಂದಿಲ್ಲವೆಂದು ಅದರ ಕೆಳಗೆ ಕಾಣುತ್ತಿತ್ತು. ‘ಶಿವಮೊಗ್ಗದವನು. ಅವರ ಮನೆಯಲ್ಲಿ ಆಟ ನಿಲ್ಲಿಸಿಬಿಟ್ಟರು’ ಎಂದನು. ಒಬ್ಬರ ಲೋಕಕ್ಕೆ ನಾಲ್ವರವರೆಗೆ ಕೂಡಿ ಆಡುವ ಸೌಕರ್ಯವಿದೆ. ಇವರಿಬ್ಬರೂ ಪ್ರತಿಸಂಜೆ ಜೊತೆಯಾಗಿ ತಿರುಗುತ್ತಿದ್ದರಂತೆ. ಮುಚ್ಚಿದ ಬಾಗಿಲಿನ ಹಿಂದೆ ಹುಡುಗ ಆಡುತ್ತಿದ್ದನೆಂದು ನಾವು ತಿಳಿದಿದ್ದೆವು. ಅವನು ಕಾಯುತ್ತಿದ್ದನು.

ಕೂಡಿ ಆಡಲು ಸಾಹಸದ ಹದಿನಾರನೆಯ ಮೆಟ್ಟಿಲನ್ನು ಮುಟ್ಟಿರಬೇಕು. ನಾನು ಆಗ ಒಂಬತ್ತರಲ್ಲಿದ್ದೆ. ಉತ್ತರಪತ್ರಿಕೆಗಳ ಕಟ್ಟು ಮುಗಿದ ಮೇಲೆ ಪ್ರತಿರಾತ್ರಿ ಒಂದು ಗಂಟೆ, ಮೂರು ವಾರ ದುಡಿದೆನು. ಹದಿನಾರಾದ ರಾತ್ರಿ, ಯಾರಿಗೂ ಹೇಳದೆ, ಅವನ ಲೋಕದ ಬಾಗಿಲನ್ನು ತಟ್ಟಿದೆನು. ಪ್ರವೇಶವಿಲ್ಲವೆಂಬ ಉತ್ತರ ಬಂತು. ನಿಯಮ ಇದು: ಕೆಳಗಿನ ಹಂತದ ಲೋಕದವನು ಮೇಲಿನ ಹಂತದ ಲೋಕಕ್ಕೆ ಹೋಗುವಂತಿಲ್ಲ, ಮೇಲಿನವನೇ ಕೆಳಗಿನವನ ಲೋಕಕ್ಕೆ ಇಳಿದು ಬರಬೇಕು.

ನಾನು ಆ ಅಕ್ಷರಗಳನ್ನು ನೋಡುತ್ತ ಕುಳಿತೆನು. ಜೂನ್ ತಿಂಗಳಿನಿಂದ ನಾವೆಲ್ಲ ಹುಡುಗನಿಗೆ ಹೇಳುತ್ತಿದ್ದುದು ಒಂದೇ ಮಾತು: ಹೊರಗೆ ಬಾ, ನಮ್ಮೊಡನೆ ಬೆರೆ. ಊರು, ಶಾಲೆ, ಗೆಳೆಯ ಎಲ್ಲವನ್ನೂ ಒಂದೇ ದಿನದಲ್ಲಿ ಕಳೆದುಕೊಂಡ ಹದಿನಾಲ್ಕರ ಬಾಲಕ ನಮ್ಮ ಮಟ್ಟಕ್ಕೆ ಏರಿಬರಬೇಕೆಂದು ನಾವು ಕಾದಿದ್ದೆವು.

ಅಷ್ಟರಲ್ಲಿ ನನ್ನ ತೆರೆಯ ಮೂಲೆಯಲ್ಲಿ ಸೂಚನೆಯೊಂದು ಮಿನುಗಿತು. ಯಾರೋ ನನ್ನ ಲೋಕಕ್ಕೆ ಬರಲು ಅಪ್ಪಣೆ ಕೇಳುತ್ತಿದ್ದರು. ಒಪ್ಪಿಗೆ ಕೊಟ್ಟೆನು. ಸೇತುವೆಯ ಆ ತುದಿಯಲ್ಲಿ, ನನ್ನ ತಂಡದವರಿಗಿಂತ ನೂರುಪಾಲು ಬಲಿಷ್ಠನಾದ ವೀರನೊಬ್ಬ ಕಾಣಿಸಿಕೊಂಡು ನನ್ನ ಕಡೆಗೆ ನಡೆದು ಬಂದನು. ನಾನು ಸಂಭ್ರಮದಿಂದ ಅವನತ್ತ ಓಡಿದೆನು.

ಗೋಡೆಯಾಚೆಯಿಂದ, ಈಗ ತೆರೆದೇ ಇದ್ದ ಬಾಗಿಲಿನ ಮೂಲಕ, ಧ್ವನಿ ಕೇಳಿಬಂತು:

‘ಮಾಮ, ನಿಧಾನ! ಪಾರಿವಾಳ ಹಾರಿಹೋಗುತ್ತವೆ.’