ಕಿತ್ತೂರಿನ ವಾಡೆ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಕಿತ್ತೂರು ಸಿಗುತ್ತದೆ. ಅಲ್ಲಿಯ ಕೋಟೆಯೊಳಗೆ ದೇಸಾಯಿ ಮನೆತನದ ಅರಮನೆಯ ಅವಶೇಷಗಳೂ ರಾಜ್ಯ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಇವೆ. ಕುದುರೆಯೇರಿದ ಚೆನ್ನಮ್ಮನ ಚಿತ್ರವನ್ನೇ ಮನದಲ್ಲಿರಿಸಿಕೊಂಡು ಬಂದವರು ಮೊದಲು ಕತ್ತಿ, ಗುರಾಣಿಗಳತ್ತ ಧಾವಿಸುವುದುಂಟು. ಆದರೆ ವಾಡೆಯನ್ನು ಮೊದಲು ನೋಡುವುದೇ ಲೇಸು.

ಮೇಲ್ಛಾವಣಿ ಎಂದೋ ಹೋಗಿದೆ. ಉಳಿದಿರುವುದು ಕಲ್ಲಿನ ತಳಪಾಯ ಮತ್ತು ದಪ್ಪನೆಯ ಗೋಡೆಗಳು. ಅವುಗಳ ನಡುವೆ ಅಡ್ಡಾಡಿದರೆ ಅಡುಗೆಮನೆ, ಊಟದ ಸಾಲೆ, ಬಾವಿ, ಸ್ನಾನಗೃಹ, ಅದಕ್ಕೆ ನೀರು ಹರಿಯುತ್ತಿದ್ದ ಹಾದಿ ಎಲ್ಲವನ್ನೂ ಗುರುತಿಸಬಹುದು. ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿರಿಸಿದ ಕೊಳವೆಯಂತಹ ರಂಧ್ರವೂ ಇದೆ. ಹಗಲಿನಲ್ಲಿ ಅದರೊಳಗಿಂದ ಕಾಣುವುದು ಆಕಾಶದ ಒಂದು ತುಣುಕು ಮಾತ್ರ. ಆದರೂ ಮಕ್ಕಳು ಸರದಿಯಲ್ಲಿ ನಿಂತು ಇಣುಕದೆ ಬಿಡುವುದಿಲ್ಲ.

ಇದು ಒಂದು ಮನೆಯಾಗಿತ್ತೆಂಬುದನ್ನು ಮರೆತರೆ 1824ರ ಯುದ್ಧವೂ ಸರಿಯಾಗಿ ಅರ್ಥವಾಗದು. ಏಕೆಂದರೆ ಅದು ಹುಟ್ಟಿದ್ದು ಮನೆವಾರ್ತೆಯ ಪ್ರಶ್ನೆಯಿಂದ. ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಆ ವರ್ಷದ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಲಿಂಗೈಕ್ಯನಾದ. ದತ್ತಕನಾಗಿ ಬಂದ ಬಾಲಕ ಶಿವಲಿಂಗಪ್ಪನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಭಂಡಾರಕ್ಕೆ ಮುದ್ರೆಯೊತ್ತಿಸಿ ಕಾವಲಿರಿಸಿದ. ಮಗನನ್ನು ಪಡೆಯುವ ಹಕ್ಕಿಗೂ ಮನೆಯ ಭಂಡಾರಕ್ಕೂ ಪರರು ಕೈಯಿಟ್ಟಾಗ ಮನೆಯ ಹಿರಿಯಳಾಗಿ ಚೆನ್ನಮ್ಮ ಎದ್ದು ನಿಂತಳು. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆಯೇ ಹತನಾದ. ಸೆರೆಸಿಕ್ಕ ಆಂಗ್ಲ ಅಧಿಕಾರಿಗಳಾದ ಸ್ಟೀವನ್‌ಸನ್ ಮತ್ತು ಎಲಿಯಟ್‌ರಿಗೆ ಕಿತ್ತೂರಿನಲ್ಲಿ ಹಿಂಸೆಯಾಗಲಿಲ್ಲ. ಡಿಸೆಂಬರ್ ಆರಂಭದಲ್ಲಿ ಅವರನ್ನು ಬಿಟ್ಟುಕೊಡಲಾಯಿತು. ಅವರು ಕ್ಷೇಮವಾಗಿ ಮರಳಿದರೂ ಮುತ್ತಿಗೆ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು.

ಇಷ್ಟನ್ನು ತಿಳಿದು ಸಂಗ್ರಹಾಲಯವನ್ನು ಹೊಕ್ಕರೆ ಆಯುಧಗಳಿಗಿಂತ ಕೆತ್ತನೆಯ ಮರದ ಬಾಗಿಲುಗಳೇ ಕಣ್ಣನ್ನು ಹಿಡಿಯುತ್ತವೆ. ಸುತ್ತಣ ಶಿಲ್ಪಗಳೂ ವೀರಗಲ್ಲುಗಳೂ ನೋಡತಕ್ಕವೇ. ಆದರೆ ತೆರೆದು ಮುಚ್ಚುವ ಬಾಗಿಲಿನಲ್ಲಿ ಮನೆಯ ಬಾಳು ಕಾಣುವಷ್ಟು ಬೇರೆಲ್ಲಿಯೂ ಕಾಣದು. ವಾಡೆಯಲ್ಲಿ ಒಂದು ವಿನಂತಿ: ಗಿಲಾವು ಸಡಿಲಾದ ಗೋಡೆಗಳನ್ನು ಏರಬಾರದು, ಅವುಗಳ ಮೇಲೆ ಹೆಸರು ಕೆತ್ತಬಾರದು. ಎರಡು ಶತಮಾನಗಳ ಮಳೆಗೆ ಬಾಗದ ಗೋಡೆ ಮೊಳೆಯ ಗೀರಿಗೆ ಕೆಡುತ್ತದೆ.

ಸಮಯವಿದ್ದವರು ಬೈಲಹೊಂಗಲಕ್ಕೂ ಹೋಗಬೇಕು. ಸೆರೆಯಲ್ಲಿದ್ದ ಚೆನ್ನಮ್ಮ 1829ರ ಫೆಬ್ರವರಿ 2ರಂದು ಅಲ್ಲಿಯೇ ಲಿಂಗೈಕ್ಯಳಾದಳು. ಅವಳ ಸಮಾಧಿ ಅಲ್ಲಿದೆ. ತನ್ನ ಈ ವಾಡೆಗೆ ಅವಳು ಮರಳಿ ಬರಲೇ ಇಲ್ಲ.