ಮೈಲಿಗಳ ಲೆಕ್ಕ

ತಂಗಿಯ ಬಾಣಂತನಕ್ಕೆ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲೇಬೇಕಿತ್ತು. ಆಗ ಬೆಂಗಳೂರಿನಿಂದ ಇದ್ದ ನೇರ ವಿಮಾನದಲ್ಲಿ ಸುಮಾರು 16 ಗಂಟೆ. ಅಷ್ಟು ಹೊತ್ತು ಮಡಚಿ ಕೂರಲು ಅವಳ ಮಂಡಿ ಒಪ್ಪದು.

ಆಫೀಸಿನ ಕೆಲಸಕ್ಕೆ ಹಾರಾಡಿ ಕೂಡಿಬಿದ್ದ ಮೈಲಿಗಳು ನನ್ನ ಖಾತೆಯಲ್ಲಿದ್ದವು. ನಾನು ಮನೆಯಲ್ಲಿರದ ಯುಗಾದಿಗಳೆಲ್ಲ ಅಲ್ಲೇ ಜಮೆಯಾಗಿವೆ ಅನ್ನಿ! 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇಂಥ ಯೋಜನೆ ತಂದದ್ದು ಗಿರಾಕಿ ಕೈತಪ್ಪದಿರಲೆಂದು. ಆದರೆ ಮೈಲಿಯಿದ್ದ ಮಾತ್ರಕ್ಕೆ ಸೀಟು ಸಿಗದು. ಬಿಸಿನೆಸ್ ಕ್ಲಾಸಿನಲ್ಲಿ ಎಷ್ಟೋ ಸಲ ಮೈಲಿಗೆಂದು ಬಿಡುವುದು ಒಂದೋ ಎರಡೋ. ತೆರಿಗೆಯಂತೂ ಕೈಯಿಂದಲೇ.

ವಾರಗಟ್ಟಲೆ ಹುಡುಕಿದ ಮೇಲೆ ಒಂದು ಸಿಕ್ಕಿತು. ನಾನು ದುಡ್ಡು ಕೊಟ್ಟು ಹಿಂದೆ ಕೂತೆ.

ಊಟವಾದ ಮೇಲೆ ಅಮ್ಮ ಪರದೆ ಸರಿಸಿ ಬಂದಳು. “ಅಲ್ಲಿ ಹಾಸಿಗೇನೇ ಹಾಸಿಕೊಡ್ತಾರೆ ಕಣೋ. ನೀನು ಹೋಗಿ ಸ್ವಲ್ಪ ಮಲಗು, ನಾನಿಲ್ಲಿ ಕೂತಿರ್ತೀನಿ.”

ಗಗನಸಖಿ ಒಪ್ಪಲಿಲ್ಲ.